ಒಂದು ದಿನದ ರಜೆಯಲ್ಲಿ ರಾಮಗಿರಿಗೆ

ನಾಗಪುರದಲ್ಲಿರುವ ನಮ್ಮವರಲ್ಲಿ ಎರಡು ಬಗೆಯ ರಜೆಗಳುಂಟು. ಕಚೇರಿಯ ಗುಮಾಸ್ತರಿಗೆ ಶನಿವಾರವೂ ಆದಿತ್ಯವಾರವೂ ಜೊತೆಯಾಗಿ ಬರುತ್ತವೆ. ಮಹಾರಾಷ್ಟ್ರ ಸರಕಾರವು ತನ್ನ ಕಚೇರಿಗಳಲ್ಲಿ ವಾರಕ್ಕೆ ಐದು ದಿನಗಳ ಕೆಲಸವೆಂಬ ಪದ್ಧತಿಯನ್ನು 2020ನೆಯ ಇಸವಿಯ ಫೆಬ್ರವರಿ 29ರಿಂದ ಜಾರಿಗೆ ತಂದಿತು. ಬ್ಯಾಂಕಿನವರಿಗೆ 2015ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬಿಡುವು. ಹೋಟೆಲಿನ ಮಿತ್ರರ ರಜೆಯಾದರೋ ಬೇರೆ ಜಾತಿಯದು. ಆದಿತ್ಯವಾರವೆಂದರೆ ಅವರಿಗೆ ದೋಸೆಯ ಕಾವಲಿ ತಣಿಯದ ದಿನ. ಸೋಮವಾರವೋ ಮಂಗಳವಾರವೋ ಬುಧವಾರವೋ, ಪಾಳಿಯ ಪ್ರಕಾರ ಯಜಮಾನರು ಗೊತ್ತುಮಾಡಿದಂದು ಅವರಿಗೆ ವಿಶ್ರಾಂತಿ. ಹೀಗಾಗಿ ಒಂದೇ ಊರಿನಿಂದ ಬಂದು, ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳುವ ಅಣ್ಣ ಗುಮಾಸ್ತನೂ ತಮ್ಮ ಸಪ್ಲಾಯರನೂ ವರ್ಷದಲ್ಲಿ ಒಂದು ಹಗಲನ್ನಾದರೂ ಜೊತೆಯಲ್ಲಿ ಕಳೆದರೆಂದರೆ ಅದು ಯಾರದಾದರೂ ಮದುವೆಯ ದಿನವೇ ಆಗಿರುತ್ತದೆ.

ನಮ್ಮ ಕಚೇರಿಗೆ ಬರುವ ತರುಣರು ಮಳೆಗಾಲ ಮುಗಿಯುತ್ತಲೇ ಕೇಳುವ ಪ್ರಶ್ನೆ ಒಂದೇ: “ಸ್ವಾಮೀ, ಈ ಊರಿನಿಂದ ಹೊರಗೆ ಎಲ್ಲಿಗಾದರೂ ಹೋಗಿಬರುವಂತಿದೆಯೇ? ಗುಡ್ಡ, ನೀರು, ಕಾಡು ಏನಾದರೂ ಸರಿ.” ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹುಟ್ಟಿದವರ ಕಣ್ಣಿಗೆ ನಾಗಪುರವು ಬೇಸಗೆಯಲ್ಲಿ ಮರುಭೂಮಿಯ ಪಟ್ಟಣದಂತೆಯೇ ತೋರುವುದು ಸಹಜ. ಮೇ ತಿಂಗಳಲ್ಲಿ ಉಷ್ಣತೆಯು 45 ಡಿಗ್ರಿ ಮುಟ್ಟುವುದು ಇಲ್ಲಿ ಅಪರೂಪವಲ್ಲ. ಸೂರ್ಯನು ರೋಹಿಣಿಯನ್ನು ಪ್ರವೇಶಿಸುವ ಮೇ 25ರ ಸುಮಾರಿನಿಂದ ಒಂಬತ್ತು ದಿನಗಳನ್ನು ಇಲ್ಲಿಯವರು ನವತಪಾ ಎಂದು ಕರೆದು, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕುಳಿತಿರುವರು. ಆ ಕಾಲದಲ್ಲಿ ವಿಹಾರದ ಮಾತೇ ಬೇಡ. ಅಕ್ಟೋಬರಿನ ನಡುವಿನಿಂದ ಫೆಬ್ರವರಿಯ ಕೊನೆಯವರೆಗೆ ಮಾತ್ರ ಈ ಸೀಮೆಯ ಬಿಸಿಲು ಮನುಷ್ಯರೊಡನೆ ಸ್ನೇಹದಿಂದಿರುತ್ತದೆ.

ಸಾಹಸವೆಂದೊಡನೆ ತರುಣರ ಬಾಯಲ್ಲಿ ಮೊದಲು ಬರುವುದು ಹುಲಿ. ತಪ್ಪೇನಲ್ಲ, ನಮ್ಮ ಊರಿನ ಸುತ್ತ ತಾಡೋಬಾ, ಪೇಂಚ್, ಉಮರೇಡದ ಕಡೆಯ ಕರಹಾಂಡ್ಲಾ ಮುಂತಾದ ಹುಲಿಯ ಕಾಡುಗಳಿವೆ. 1955ರಲ್ಲಿ ರಾಷ್ಟ್ರೀಯ ಉದ್ಯಾನವಾದ ತಾಡೋಬಾ ಮಹಾರಾಷ್ಟ್ರಕ್ಕೇ ಹಿರಿಯದು. ಪೇಂಚ್ ಅರಣ್ಯದ ಮಹಾರಾಷ್ಟ್ರದ ಭಾಗವು 2024ರ ಜನವರಿಯಲ್ಲಿ, ನಕ್ಷತ್ರಗಳನ್ನು ನೋಡಲು ಕತ್ತಲೆಯನ್ನು ಕಾಯ್ದಿಟ್ಟ ತಾಣವೆಂದು, ಭಾರತದಲ್ಲಿಯೇ ಮೊದಲನೆಯದಾಗಿ ಮನ್ನಣೆ ಪಡೆಯಿತು. ಆದರೆ ಹುಲಿಯ ಕಾಡಿಗೆ ಹೊರಡುವವನು ಮೂರು ಸಂಗತಿಗಳನ್ನು ತಿಳಿದಿರಬೇಕು. ಮುಂಗಡವಾಗಿ ಅಂತರ್ಜಾಲದಲ್ಲಿ ಜಾಗ ಕಾದಿರಿಸಬೇಕು; ಒಂದು ಜೀಪಿನ ಖರ್ಚನ್ನು ಆರು ಮಂದಿ ಹಂಚಿಕೊಂಡರೂ ಸಪ್ಲಾಯರನ ಸಂಬಳಕ್ಕೆ ಅದು ಭಾರವೇ; ಮಳೆಗಾಲದಲ್ಲಿ ಒಳಗಾಡು ಮುಚ್ಚಿರುತ್ತದೆ. ಇದಲ್ಲದೆ ಕಾಡಿಗೂ ವಾರದ ರಜೆಯುಂಟು! ತಾಡೋಬಾದ ಒಳಗಾಡು ಮಂಗಳವಾರ ಮುಚ್ಚಿರುತ್ತದೆ. ನಗರದ ಅಂಚಿನಲ್ಲಿ 2021ರ ಜನವರಿ 26ರಂದು ಆರಂಭವಾದ ಗೊರೆವಾಡಾದ ಮೃಗವಿಹಾರಕ್ಕೆ ಸೋಮವಾರ ಬಿಡುವು. ನಮ್ಮ ಹೋಟೆಲಿನವರಿಗೆ ರಜೆ ಸಿಕ್ಕುವುದೂ ಬಹುಮಟ್ಟಿಗೆ ಅದೇ ವಾರಗಳಲ್ಲಿ. ಹುಲಿಯೂ ಮಾಣಿಯೂ ಒಂದೇ ದಿನ ರಜೆ ಹಾಕಿದರೆ ಭೇಟಿಯಾಗುವುದಾದರೂ ಹೇಗೆ? ಆದುದರಿಂದ ಹೊರಡುವ ಮೊದಲು ಯಾವ ಕಾಡು ಎಂದು ಮುಚ್ಚಿರುತ್ತದೆಂಬುದನ್ನು ವಿಚಾರಿಸತಕ್ಕದ್ದು.

ನಮ್ಮ ಅಭಿಪ್ರಾಯದಲ್ಲಿ ಒಂದು ದಿನದ ರಜೆಯವನಿಗೂ ಎರಡು ದಿನಗಳ ರಜೆಯವನಿಗೂ ಸಮಾನವಾಗಿ ಒದಗುವ ಸ್ಥಳ ರಾಮಟೇಕ. ನಾಗಪುರದಿಂದ ಈಶಾನ್ಯಕ್ಕೆ ಐವತ್ತು ಕಿಲೋಮೀಟರಿನೊಳಗೇ ಇದೆ. ಇತವಾರಿ ನಿಲ್ದಾಣದಿಂದ ಕಾಮ್ಟಿ, ಕನ್ಹಾನ್ ಮಾರ್ಗವಾಗಿ ರೈಲು ಹೋಗುತ್ತದೆ. ಗಣೇಶಪೇಠದ ನಿಲ್ದಾಣದಿಂದ ಸರಕಾರಿ ಬಸ್ಸು ಉಂಟು. ಬಸ್ಸು ಜಬಲಪುರದ ಹೆದ್ದಾರಿಯಲ್ಲಿ ಹೋಗಿ ಮನಸರದಲ್ಲಿ ಬಲಕ್ಕೆ ತಿರುಗುತ್ತದೆ. ಖರ್ಚು ಕಡಮೆ, ಮುಂಗಡ ಬೇಡ, ಗುಡ್ಡಕ್ಕೆ ವಾರದ ರಜೆಯೂ ಇಲ್ಲ.

ಗುಡ್ಡದ ಮೇಲಕ್ಕೆ ವಾಹನದ ದಾರಿಯೊಂದಿದೆ. ಅದನ್ನು ಮುದುಕರಿಗೂ ಮಕ್ಕಳಿಗೂ ಬಿಟ್ಟುಕೊಡಿರಿ. ತರುಣರು ಅಂಬಾಳಾ ಕೆರೆಯ ಕಡೆಯಿಂದ ಕಲ್ಲಿನ ಮೆಟ್ಟಿಲುಗಳನ್ನು ಹತ್ತತಕ್ಕದ್ದು. ಕೆರೆಯ ಸುತ್ತ ಹಳೆಯ ಗುಡಿಗಳು, ಘಟ್ಟಗಳು. ಅಲ್ಲಿಂದ ಮೇಲಕ್ಕೆ ಏರು ದಾರಿ. ದಿನಕ್ಕೆ ನೂರು ಸಲ ಅಡುಗೆಮನೆಗೂ ಮೇಜಿಗೂ ನಡೆಯುವ ಕಾಲುಗಳಿಗೆ ಇದೇನು ದೊಡ್ಡದೆಂದು ಕೆಲವರು ಅನ್ನಬಹುದು. ಸಮತಟ್ಟು ನೆಲದ ನಡಿಗೆ ಬೇರೆ, ಏರುವುದು ಬೇರೆ ಎಂಬುದು ಅರ್ಧ ದಾರಿಯಲ್ಲಿ ಗೊತ್ತಾಗುತ್ತದೆ. ಮೇಲೆ ಕೋಟೆಯ ಬಾಗಿಲುಗಳು, ದೊಡ್ಡದೊಂದು ಕಲ್ಲಿನ ವರಾಹ, ನರಸಿಂಹನ ಗುಡಿಗಳು, ಕೊನೆಯಲ್ಲಿ ರಾಮ ಲಕ್ಷ್ಮಣರ ದೇವಾಲಯ. ಕೇವಲ ನರಸಿಂಹನೆಂಬ ಗುಡಿಯು ವಾಕಾಟಕರ ಕಾಲದ್ದು, ಎಂದರೆ ಸುಮಾರು 1,500 ವರ್ಷಗಳ ಹಿಂದಿನದು. ಒಳಗಿನ ಮೂರ್ತಿಯ ಗಾತ್ರವನ್ನು ನೋಡಿಯೇ ತಿಳಿಯಬೇಕು. ಮಂಗಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಕಪ್ಪು ಮುಖದ ಮುಸುವಗಳು ಅಲ್ಲಿ ಗುಂಪುಗುಂಪಾಗಿವೆ. ಕೈಯಲ್ಲಿ ಚೀಲ ಹಿಡಿದು ನಡೆದವನು ಬುತ್ತಿಯ ಆಸೆ ಬಿಡಬೇಕಾದೀತು.

ಈ ಗುಡ್ಡವೇ ಕಾಳಿದಾಸನ ಮೇಘದೂತದ ರಾಮಗಿರಿ ಎಂಬುದು ನಾಗಪುರದ ಮಹಾಪಂಡಿತರಾಗಿದ್ದ ವಾ. ವಿ. ಮಿರಾಶಿಯವರು ಪ್ರತಿಪಾದಿಸಿದ ಮತ. ಬೇರೆ ಬೆಟ್ಟಗಳ ಹೆಸರು ಹೇಳುವ ಪಂಡಿತರೂ ಇದ್ದಾರೆ. ನಮಗಂತೂ ಮಿರಾಶಿಯವರ ಮಾತೇ ಹಿಡಿಸಿದೆ. ಮೇಲೆ ಕಾಳಿದಾಸನ ಸ್ಮಾರಕವಿದೆ. 1997ರಲ್ಲಿ ಅವನ ಹೆಸರಿನ ಸಂಸ್ಕೃತ ವಿಶ್ವವಿದ್ಯಾಲಯವೂ ರಾಮಟೇಕದಲ್ಲಿ ಸ್ಥಾಪಿತವಾಯಿತು. ಕಾವ್ಯವನ್ನು ಓದದವರಿಗೆ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಯಕ್ಷನೊಬ್ಬನು ಕೆಲಸದಲ್ಲಿ ತಪ್ಪಿದನೆಂದು ಯಜಮಾನನಾದ ಕುಬೇರನು ಸಿಟ್ಟಾಗಿ, ಒಂದು ವರ್ಷ ಹೆಂಡತಿಯಿಂದ ದೂರವಿರೆಂದು ಅವನನ್ನು ಉತ್ತರದ ಅಲಕಾಪುರಿಯಿಂದ ಹೊರಗಟ್ಟಿದನು. ಅವನು ಬಂದು ನೆಲಸಿದ್ದು ಈ ಬೆಟ್ಟದಲ್ಲಿ. ಆಷಾಢದ ಆರಂಭದಲ್ಲಿ ಶಿಖರವನ್ನು ಅಪ್ಪಿದ ಮೋಡವನ್ನು ಕಂಡು, ಹೆಂಡತಿಗೆ ತನ್ನ ಕ್ಷೇಮಸಮಾಚಾರ ಮುಟ್ಟಿಸೆಂದು ಅದರ ಕೈಯಲ್ಲಿ ಹೇಳಿ ಕಳುಹಿದನು. ನೋಡಿರಿ, ಯಕ್ಷನೂ ನೌಕರನೇ. ಅವನ ಅಗಲಿಕೆ ಒಂದು ವರ್ಷದ್ದು. ನಮ್ಮ ಅಡುಗೆಭಟ್ಟರಲ್ಲಿ ಎಷ್ಟೋ ಮಂದಿ ಕುಂದಾಪುರದ ಕಡೆ ಹೆಂಡತಿ ಮಕ್ಕಳನ್ನು ಬಿಟ್ಟು ಬಂದು, ವರ್ಷಕ್ಕೊಮ್ಮೆ ಊರಿಗೆ ಹೋಗಿ, ಮರಳಿ ಇನ್ನೊಂದು ವರ್ಷದ ಲೆಕ್ಕ ಹಾಕುತ್ತ ಇಪ್ಪತ್ತು ವರ್ಷ ಕಳೆದವರು. ಅವರು ತಪ್ಪು ಮಾಡಿದವರೂ ಅಲ್ಲ. ಈ ಕಾವ್ಯವನ್ನು ಬೇಂದ್ರೆಯವರು ಕನ್ನಡಕ್ಕೆ ತಂದಿದ್ದಾರೆ. ಗುಂಪಿನಲ್ಲಿ ಒಬ್ಬನು ಪುಸ್ತಕವನ್ನು ಒಯ್ದು, ಬಂಡೆಯ ಮೇಲೆ ಕುಳಿತು ನಾಲ್ಕು ಪುಟ ಓದಿದರೆ, ಪಾತ್ರೆ ತೊಳೆಯುವ ಹುಡುಗನಿಗೂ ಅದು ಅರ್ಥವಾಗುತ್ತದೆಂದು ನಾವು ನಂಬಿದ್ದೇವೆ.

ರಾಮಟೇಕವು ನಮಗೆ ಪೂರ್ತಿ ಪರಸ್ಥಳವೂ ಅಲ್ಲ. ಗುಡ್ಡದಿಂದ ದಕ್ಷಿಣಕ್ಕೆ ಕೆಲವು ಕಿಲೋಮೀಟರು ದೂರದಲ್ಲಿ ನಗರಧನವೆಂಬ ಹಳ್ಳಿಯೂ ಕೋಟೆಯೂ ಇವೆ. ಇದು ವಾಕಾಟಕರ ರಾಜಧಾನಿಯಾಗಿದ್ದ ನಂದಿವರ್ಧನ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ಒಂದು ತಾಮ್ರಶಾಸನವು, ನಾಗಪುರ-ನಂದಿವರ್ಧನವೆಂಬ ವಿಷಯದಲ್ಲಿ, ಎಂದರೆ ಜಿಲ್ಲೆಯಲ್ಲಿ, ಒಂದು ಗ್ರಾಮವನ್ನು ದಾನಮಾಡಿದ ಸಂಗತಿಯನ್ನು ಹೇಳುತ್ತದೆ. ಶಾಸನದ ಕಾಲ ಶಕವರ್ಷ 862, ಕ್ರಿಸ್ತಶಕ 940. ನಾಗಪುರದ ಹೆಸರು ಕಾಣುವ ಅತಿ ಹಳೆಯ ದಾಖಲೆ ಇದೇ ಎನ್ನುವರು. ದಾನ ಕೊಟ್ಟವನು ಯಾರು? ಮಳಖೇಡದ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣ. ಕವಿ ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದನ್ನಿತ್ತವನು. ಸೀತಾಬರ್ಡಿಯ ಹೋಟೆಲಿನಲ್ಲಿ ಯಾರಾದರೂ “ನೀವು ಹೊರಗಿನಿಂದ ಬಂದವರು” ಎಂದಾಗ ಜಗಳವಾಡುವ ಅವಶ್ಯವಿಲ್ಲ. ಒಂದು ಕಪ್ಪು ಕಾಫಿಯ ಜೊತೆಗೆ ಈ ಸಂಗತಿಯನ್ನು ತಿಳಿಸಬಹುದು. ಇದು ಸಾವಿರ ವರ್ಷದ ಹಳೆಯ ಮಾತಾಯಿತು. ನಮ್ಮ ಕಾಲದಲ್ಲಿಯೇ, ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿ 2024ರಲ್ಲಿ ದೇಹತ್ಯಾಗ ಮಾಡಿದ ಜೈನ ಆಚಾರ್ಯ ವಿದ್ಯಾಸಾಗರ ಮಹಾರಾಜರು ರಾಮಟೇಕದ ಶಾಂತಿನಾಥ ಕ್ಷೇತ್ರದಲ್ಲಿ ಒಂದಕ್ಕಿಂತ ಹೆಚ್ಚು ಚಾತುರ್ಮಾಸಗಳನ್ನು ಕಳೆದರು. ಗುಡ್ಡದ ಕೆಳಗಿರುವ ಆ ಬಸದಿಯನ್ನೂ ನೋಡಿಬರಬಹುದು.

ಮಧ್ಯಾಹ್ನ ಖಿಂಡಸಿ ಕೆರೆ. ರಾಮಟೇಕದಿಂದ ಕೆಲವೇ ಕಿಲೋಮೀಟರು. ಸುತ್ತ ಗುಡ್ಡ ಕಾಡು, ನಡುವೆ ವಿಶಾಲವಾದ ನೀರು. ದೋಣಿವಿಹಾರಕ್ಕೆ ಏರ್ಪಾಡಿದೆ. ತೇಲುಕವಚವನ್ನು ತೊಟ್ಟು, ಅದರ ಗುಂಡಿಗಳನ್ನು ಹಾಕಿಕೊಂಡೇ ದೋಣಿ ಹತ್ತತಕ್ಕದ್ದು. ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿರುಸಾಗಿಯೇ ಹೇಳುತ್ತೇವೆ. ನಮ್ಮ ಕರಾವಳಿಯ ಹುಡುಗರಿಗೆ ನೀರೆಂದರೆ ಸಲಿಗೆ. ಹೊಳೆಯಲ್ಲಿ ಈಜಿ ಬೆಳೆದವರು ತಾವು. ಆದರೆ ಈ ಸೀಮೆಯ ಕೆರೆಗಳೂ ಅಣೆಕಟ್ಟಿನ ಹಿನ್ನೀರುಗಳೂ ಹೊಳೆಯಂತಲ್ಲ. ದಡದಿಂದ ಹತ್ತು ಹೆಜ್ಜೆಯಲ್ಲಿ ನೆಲ ಒಮ್ಮೆಲೇ ಇಳಿಯಬಹುದು, ತಳದಲ್ಲಿ ಕೆಸರು, ಮುಳುಗಿದ ಮರದ ಕೊರಡು. ವಿಹಾರಕ್ಕೆ ಹೋದ ತರುಣರು ಮುಳುಗಿದ ವಾರ್ತೆಯನ್ನು ನಾವು ಈ ಪತ್ರಿಕೆಯಲ್ಲಿ ಅಚ್ಚುಹಾಕಬೇಕಾಗಿ ಬಂದುದುಂಟು. ಊರಿನಲ್ಲಿರುವ ತಾಯಿಗೆ ದೂರವಾಣಿಯಲ್ಲಿ ಆ ಸುದ್ದಿ ಹೇಳುವ ಕೆಲಸ ಯಾವ ಯಜಮಾನನಿಗೂ ಬಾರದಿರಲಿ. ಈಜಲು ಇಳಿಯಬೇಡಿರಿ. ಛಾಯಾಚಿತ್ರಕ್ಕಾಗಿ ಬಂಡೆಯಂಚಿಗೆ ಹೋಗಬೇಡಿರಿ. ಕತ್ತಲಾದ ಮೇಲೆ ಅಲ್ಲಿ ಉಳಿಯಬೇಡಿರಿ. ಪೇಂಚಿನ ಕಾಡು ಅಲ್ಲಿಂದ ಬಹಳ ದೂರವಿಲ್ಲ.

ಎರಡು ದಿನ ಸಿಕ್ಕಿದವರಿಗೆ ಅಮರಾವತಿ ಜಿಲ್ಲೆಯ ಚಿಖಲದರಾ ಇದೆ. ನಾಗಪುರದಿಂದ 200 ಕಿಲೋಮೀಟರಿಗೂ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರ. ವಿದರ್ಭದ ಗಿರಿಧಾಮ ಇದೊಂದೇ. ಇಲ್ಲಿ ಕಾಫಿ ಬೆಳೆಯುತ್ತದೆಂದರೆ ನಮ್ಮವರು ನಂಬಲಾರರು. ಭೀಮನು ಕೀಚಕನನ್ನು ಕೊಂದು ಎಸೆದ ಕಣಿವೆಯೆಂದು ಸ್ಥಳದವರು ಹೇಳುವರು. ಹತ್ತಿರದ ಗಾವಿಲಗಡದ ಕೋಟೆಯನ್ನು ಆರ್ಥರ್ ವೆಲೆಸ್ಲಿಯು 1803ರ ಡಿಸೆಂಬರಿನಲ್ಲಿ ನಾಗಪುರದ ಭೋಸಲೆಯವರಿಂದ ಗೆದ್ದುಕೊಂಡನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದವನೂ ಇವನೇ.

ಈಗ ಮುಖ್ಯ ಪ್ರಶ್ನೆ: ಗುಮಾಸ್ತನ ರಜೆಯೂ ಸಪ್ಲಾಯರನ ರಜೆಯೂ ಕೂಡುವುದು ಹೇಗೆ? ಆದಿತ್ಯವಾರ ಹೋಟೆಲಿನವನನ್ನು ಬಿಡಿರೆಂದು ಯಜಮಾನರನ್ನು ಕೇಳುವುದು ವ್ಯರ್ಥ. ಹೋಟೆಲು ನಡೆಸಿದವರಾಗಿ ನಾವು ಇದನ್ನು ಬಲ್ಲೆವು. ಅಂದಿನ ವ್ಯಾಪಾರದಿಂದಲೇ ಇಡೀ ವಾರದ ಬಾಡಿಗೆ ಹುಟ್ಟಬೇಕು. ಬದಲಾಗಿ ಗುಮಾಸ್ತನು ತನ್ನ ಶನಿವಾರ ಆದಿತ್ಯವಾರಗಳ ಬೆನ್ನಿಗೆ ಒಂದು ಸೋಮವಾರ ಸಾಂದರ್ಭಿಕ ರಜೆ ತೆಗೆದುಕೊಳ್ಳಲಿ; ಹೋಟೆಲಿನವನು ಆ ತಿಂಗಳು ತನ್ನ ವಾರದ ರಜೆಯನ್ನು ಸೋಮವಾರಕ್ಕೆ ಬದಲಿಸಿಕೊಳ್ಳಲಿ. ಯಜಮಾನರಿಗೂ ಒಂದು ವಿನಂತಿ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ವಾರಕ್ಕೊಮ್ಮೆ ಎಡೆಬಿಡದೆ 24 ಗಂಟೆಗಳ ವಿಶ್ರಾಂತಿಯನ್ನೂ, ವರ್ಷಕ್ಕೆ ಸಂಬಳಸಹಿತ 8 ದಿನಗಳ ಸಾಂದರ್ಭಿಕ ರಜೆಯನ್ನೂ ಹೇಳುತ್ತದೆ. ಸಣ್ಣ ಹೋಟೆಲುಗಳಿಗೆ ಅದರ ವಿಧಿಗಳೆಲ್ಲ ಅನ್ವಯಿಸುವುದಿಲ್ಲವೆಂದು ಕೆಲವರು ವಾದಿಸಬಹುದು. ಆದರೆ “ರಜೆಯೇನೋ ಸರಿ, ಬೆಳಗ್ಗೆ ಹಿಟ್ಟು ರುಬ್ಬಿಕೊಟ್ಟು ಹೋಗು” ಎಂದು ಹೇಳಿ, ಹನ್ನೊಂದು ಗಂಟೆಗೆ ಬಿಡುವುದು ರಜೆಯಲ್ಲ. ಹಿಂದಿನ ದಿನವೇ ಹಿಟ್ಟು ಹೆಚ್ಚು ರುಬ್ಬಿಡಲಿ, ಬದಲಿಗೆ ಇನ್ನೊಬ್ಬನು ನಿಲ್ಲಲಿ, ಮುಂದಿನ ಸೋಮವಾರ ಆ ಇನ್ನೊಬ್ಬನ ಸರದಿ ಬರಲಿ.

ಬುತ್ತಿಯ ಬಗೆಗೆ ಹೋಟೆಲಿನವರಿಗೆ ನಾವು ಹೇಳಬೇಕಾದುದೇನಿದೆ? ಚಪಾತಿ, ಹುಳಿಯನ್ನ, ಉಪ್ಪಿನಕಾಯಿ ಸಾಕು. ಮೊಸರನ್ನ ಒಯ್ಯುವುದಾದರೆ ಅನ್ನವನ್ನು ಹಾಲಿನಲ್ಲಿ ಕಲಸಿ ಒಂದೇ ಚಮಚೆ ಮೊಸರು ಹಾಕಿರಿ. ಊಟದ ಹೊತ್ತಿಗೆ ಹದವಾಗಿರುತ್ತದೆ. ಒಬ್ಬೊಬ್ಬನಿಗೆ ಎರಡು ಲೀಟರಿಗೆ ಕಡಮೆಯಿಲ್ಲದಂತೆ ನೀರಿರಲಿ. ಬುತ್ತಿಯ ಜವಾಬ್ದಾರಿ ಭಟ್ಟರದು, ದುಡ್ಡಿನ ಲೆಕ್ಕ ಗುಮಾಸ್ತನದು. ಆರೇಳು ಮಂದಿಗಿಂತ ಹೆಚ್ಚು ಸೇರಿದರೆ ಬಸ್ಸಿನಲ್ಲಿ ಜಾಗ ಸಿಕ್ಕದು, ಮಾತು ಒಂದಾಗದು.

ಬೆಳಗ್ಗೆ ಸಾಧ್ಯವಾದಷ್ಟು ಮೊದಲ ಬಸ್ಸನ್ನೋ ರೈಲನ್ನೋ ಹಿಡಿದು, ಬಿಸಿಲೇರುವ ಮುನ್ನ ಗುಡ್ಡದ ಮೇಲಿರಬೇಕು. ಮರಳುವ ರೈಲಿನ ವೇಳೆಯನ್ನು ಇಳಿದೊಡನೆ ನಿಲ್ದಾಣದಲ್ಲಿಯೇ ಕೇಳಿಟ್ಟುಕೊಳ್ಳಿರಿ. ಮರುದಿನ ಬೆಳಗಿನ ಐದು ಗಂಟೆಗೆ ಇಡ್ಲಿಯ ಹಬೆಯ ಮುಂದೆ ನಿಲ್ಲತಕ್ಕವನು ರಾತ್ರಿ ಒಂಬತ್ತರೊಳಗೆ ಕೋಣೆ ಸೇರಿ ಮಲಗಿರಬೇಕು. ಆದುದರಿಂದ ಖಿಂಡಸಿಯ ದಡವನ್ನು ನಾಲ್ಕೂವರೆಗೆ ಬಿಡುವುದು ಲೇಸು.