ಹಾಲು ಹಿಂಡುವ ಹೊತ್ತಿನಲ್ಲಿ ಕೂಸು ಯಾರ ಕೈಯಲ್ಲಿ?



ಆಕಳು, ಎಮ್ಮೆ, ಕರುಗಳ ಬಗ್ಗೆ ನಾವು ಯಾವಾಗಲೂ ಬರೆಯುತ್ತೇವೆ. ಈ ಸಲ ಅವುಗಳ ನಡುವೆಯೇ ಓಡಾಡಿಕೊಂಡು ಬೆಳೆಯುವ ನಿಮ್ಮ ಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಿಗೆ ಚಿಕಿತ್ಸೆಗೆಂದು ಹೋದಾಗ ಬಾಗಿಲಲ್ಲಿ ಎಷ್ಟೋ ಸಲ ಮೊದಲು ಎದುರಾಗುವುದು ಒಂದು ಕೈಯಲ್ಲಿ ರೊಟ್ಟಿ ಚೂರು, ಇನ್ನೊಂದು ಕೈಯಲ್ಲಿ ಕರುವಿನ ಕಣ್ಣಿ ಹಿಡಿದ ಪುಟ್ಟ ಮಾಲೀಕರು. "ಸೂಜಿ ಮಾಡಬ್ಯಾಡ್ರಿ, ಅದು ಅಳತೈತಿ" ಎಂದು ನಮ್ಮನ್ನೇ ತಡೆಯುತ್ತಾರೆ.

ಕಿನ್ನಾಳದ ಬಣ್ಣದ ಗೊಂಬೆಗಳಿಗೆ ಹೆಸರಾದ ಜಿಲ್ಲೆ ನಮ್ಮದು. ಆದರೆ ಹೈನುಗಾರರ ಮನೆಯ ಮಕ್ಕಳಿಗೆ ಜೀವಂತ ಕರುವೇ ಗೊಂಬೆ. ಕಾರ ಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಕೈಕಾಲೆಲ್ಲ ಮಣ್ಣು ಮಾಡಿಕೊಂಡು ಎತ್ತು, ಗ್ವಾದಲಿ ಎಲ್ಲ ಮಾಡಿಡುತ್ತವೆ. ತಾವು ಉಣ್ಣಲು ಅರ್ಧ ತಾಸು ಸತಾಯಿಸುವ ಕೂಸು, ಅದೇ ರೊಟ್ಟಿಯನ್ನು ಕರುವಿನ ಬಾಯಿಗೆ ಇಟ್ಟು ನಗುತ್ತದೆ. ಇಂಥ ಸುಖಕ್ಕೆ ಬೆಲೆ ಕಟ್ಟಲಾಗದು.

ಕಷ್ಟವೂ ಅಷ್ಟೇ ಇದೆ. ಎರಡು ವರ್ಷ ತುಂಬುತ್ತಿದ್ದಂತೆ ಯಾವುದಕ್ಕೂ "ಒಲ್ಲೆ" ಎನ್ನುವ ಹಟ ಶುರುವಾಗುತ್ತದೆ. ಮುಖ ತೊಳೆಯಲು ಒಲ್ಲೆ, ಅಂಗಿ ಹಾಕಲು ಒಲ್ಲೆ. ಆದರೆ ತುಂಬಿದ ಹಾಲಿನ ಚರಿಗೆ ಕಂಡರೆ ಮಾತ್ರ "ನಾನಾ ಒಯ್ತೀನಿ!" ನನ್ನ ಮನೆಯಲ್ಲೂ ಮೂರು ವರ್ಷದ ಮಗುವಿದೆ, ಈ ರಾಗ ನನಗೂ ಪರಿಚಿತ. ಇದು ಕೆಟ್ಟ ಬುದ್ಧಿಯಲ್ಲ, ಬೆಳವಣಿಗೆಯ ಒಂದು ಹಂತ. ಆದರೆ ನಸುಕಿನಲ್ಲಿ ಆಕಳು ಕೂಗುತ್ತಿರುವಾಗ, ಹಾಲು ಹಾಕುವ ಹೊತ್ತು ಮೀರುತ್ತಿರುವಾಗ, ಒಲೆಯ ಮೇಲೆ ಚಹಾ ಉಕ್ಕುತ್ತಿರುವಾಗ, ಕೂಸು ಸೀರೆಯ ಸೆರಗು ಹಿಡಿದು ಜಗ್ಗಿದರೆ ಯಾವ ತಾಯಿಗಾದರೂ ಸಿಟ್ಟು ಬರುತ್ತದೆ. ಬೈದು, ಆಮೇಲೆ ದಿನವೆಲ್ಲ ಮನಸ್ಸಿನಲ್ಲೇ ಮರುಗುವ ತಾಯಂದಿರನ್ನು ನಾನು ಕಂಡಿದ್ದೇನೆ. ಅವರಲ್ಲಿ ತಪ್ಪಿಲ್ಲ. ಎರಡು ಕೈಗೆ ನಾಲ್ಕು ಕೈಯ ಕೆಲಸ ಬಿದ್ದಿದೆ, ಅಷ್ಟೇ.

ಆಕಳಿಗೂ ತಾಯಿಗೂ ಒಂದೇ ರಸ

ಇಲ್ಲಿ ಪಶುವೈದ್ಯರು ಹೇಳಬೇಕಾದ ಮಾತೊಂದಿದೆ. ಕೆಚ್ಚಲು ತೊಳೆದು ಮೊಲೆ ಸವರಿದಾಗ ಆಕಳ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಸುಮಾರು ಒಂದು ನಿಮಿಷದಲ್ಲಿ ಆಕಳು ಹಾಲು ಬಿಡುತ್ತದೆ. ಈ ರಸದ ಪ್ರಭಾವ ಇರುವುದು ಹೆಚ್ಚೆಂದರೆ 5ರಿಂದ 7 ನಿಮಿಷ. ಅಷ್ಟರೊಳಗೆ ಪೂರ್ತಿ ಹಿಂಡಿ ಮುಗಿಸಬೇಕು. ನಡುವೆ ಆಕಳು ಬೆದರಿದರೆ ಅಡ್ರಿನಾಲಿನ್ ಎಂಬ ಇನ್ನೊಂದು ರಸ ಹುಟ್ಟಿ, ಹಾಲು ಬಿಡುವುದನ್ನು ತಡೆಯುತ್ತದೆ. "ಇವತ್ತು ಆಕಳು ಹಾಲು ಕದ್ದಿತು" ಎನ್ನುತ್ತೇವಲ್ಲ, ಬಹಳ ಸಲ ನಡೆದಿರುವುದು ಇದೇ. ಕೆಚ್ಚಲಲ್ಲಿ ಉಳಿದ ಹಾಲಿನಿಂದ ಇಳುವರಿಯೂ ಇಳಿಯುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

ಎದೆಹಾಲು ಉಣಿಸುವ ತಾಯಿಯಲ್ಲೂ ಹಾಲು ಇಳಿಸುವುದು ಇದೇ ಆಕ್ಸಿಟೋಸಿನ್. ಅವಳಿಗೂ ಗಾಬರಿ, ಅವಸರ, ನೋವು ಅಡ್ಡಿಯೇ. ಬಾಣಂತಿಗೆ ನೆಮ್ಮದಿ ಬೇಕು ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ.

ಹಾಗಾದರೆ ಲೆಕ್ಕ ಹಾಕಿ. ಒಂದು ಆಕಳಿಗೆ 7 ನಿಮಿಷ, ಬೆಳಿಗ್ಗೆ ಮತ್ತು ಸಂಜೆ ಸೇರಿ ದಿನಕ್ಕೆ 14 ನಿಮಿಷ. ಅಷ್ಟು ಹೊತ್ತು ಕೂಸನ್ನು ಎತ್ತಿಕೊಳ್ಳುವವರೊಬ್ಬರು ಮನೆಯಲ್ಲಿ ಬೇಕು. ಗಂಡ, ಮಾವ, ಮೈದುನ, ಯಾರಾದರೂ ಆದೀತು. ಇದು ಹೆಂಡತಿಗೆ ಮಾಡುವ ಉಪಕಾರ ಎಂದು ತಿಳಿಯಬೇಡಿ. ಕೂಸು ಹಿಡಿಯುವುದೂ ಹೈನುಗಾರಿಕೆಯ ಕೆಲಸವೇ, ಹಾಲಿನ ಬಿಲ್ಲಿನಲ್ಲಿ ಅದರ ಪಾಲಿದೆ. ಗಂಡಸರು ಹಿಂಡುವುದನ್ನು ಕಲಿತು, ತಾಯಿ ಕೂಸಿನ ಜೊತೆ ಕುಳಿತರೂ ಆಯಿತು. ಮಗ, ಸೊಸೆ ಗುಳೆ ಹೋಗಿ ಅಜ್ಜಿಯೊಬ್ಬಳೇ ಮೊಮ್ಮಕ್ಕಳನ್ನೂ ಎಮ್ಮೆಯನ್ನೂ ನೋಡಿಕೊಳ್ಳುವ ಮನೆಗಳು ಕುಷ್ಟಗಿ, ಯಲಬುರ್ಗಾ ಕಡೆ ಇವೆ. ಅಲ್ಲಿ ಪಕ್ಕದ ಮನೆಯ ಇಬ್ಬರು ಹೊತ್ತು ಹಂಚಿಕೊಂಡು, ಒಬ್ಬರು ಹಿಂಡುವಾಗ ಇನ್ನೊಬ್ಬರು ಕೂಸು ನೋಡಿಕೊಳ್ಳಬಹುದು. ಎದೆಹಾಲು ಕುಡಿಯುವ ಕೂಸಿಗೆ ಹಿಂಡಲು ಹೋಗುವ ಮೊದಲೇ ಉಣಿಸಿದರೆ ಅದೂ ಸಮಾಧಾನದಿಂದ ಇರುತ್ತದೆ.

ದನದ ಮನೆಯಲ್ಲಿ ಎಚ್ಚರ

ಮಕ್ಕಳನ್ನು ದನದ ಮನೆಯಿಂದ ಪೂರ್ತಿ ದೂರ ಇಡಲಾಗದು, ಇಡಬೇಕಾಗಿಯೂ ಇಲ್ಲ. ಆದರೆ ಕೆಲವು ನಿಯಮ ಬೇಕು.

ಆಕಳ ಹಿಂಗಾಲು ತಲುಪದಷ್ಟು ದೂರದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. "ಹಿಂಡುವಾಗ ಗೆರೆ ದಾಟಬಾರದು" ಎಂಬ ಒಂದೇ ನಿಯಮವನ್ನು ಮೂರು ವರ್ಷದ ಮಗು ದಿನವೂ ಹೇಳಿಕೊಟ್ಟರೆ ಕಲಿಯುತ್ತದೆ. ಅದಕ್ಕಿಂತ ಚಿಕ್ಕದು ಯಾರದಾದರೂ ಕೈಯಲ್ಲೇ ಇರಲಿ. ಹೊಸದಾಗಿ ಈದ ಆಕಳು ಎಷ್ಟೇ ಸಾಧುವಾದರೂ ಕರುವಿನ ಬಳಿ ಮಕ್ಕಳನ್ನು ಬಿಡಬೇಡಿ, ತಾಯಿ ಹಾಯುತ್ತದೆ.

ಉಣ್ಣೆಗೆ ಹೊಡೆಯುವ ಔಷಧಿಯನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಮಕ್ಕಳು ಬಾಟಲಿಯ ಆಕಾರ ನೋಡಿ ಕುಡಿಯುತ್ತವೆ. ಕ್ಯಾಲ್ಸಿಯಂ ಬಾಟಲಿ, ಕೆಚ್ಚಲಿಗೆ ಹಚ್ಚುವ ಔಷಧಿ, ಕ್ಯಾನ್ ತೊಳೆಯುವ ಪುಡಿ ಎಲ್ಲವನ್ನೂ ಕೈಗೆಟುಕದ ಗೂಡಿನಲ್ಲಿಡಿ. ಅಕಸ್ಮಾತ್ ಮಗು ಔಷಧಿ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಬಾಟಲಿಯನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಆಕಳಿಗೆ 1962, ಕೂಸಿಗೆ 108. ಎರಡೂ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ.

ದನ ನೀರು ಕುಡಿಯುವ ತೊಟ್ಟಿ ಗೇಣುದ್ದ ಆಳವಿದ್ದರೂ ತಲೆಕೆಳಗಾಗಿ ಬಿದ್ದ ಕೂಸಿಗೆ ಸಾವು ತರಬಹುದು. ಮುಚ್ಚಳ ಇರಲಿ. ಮೇವು ಕತ್ತರಿಸುವ ಯಂತ್ರದ ಹತ್ತಿರ ಮಕ್ಕಳು ಸುಳಿಯಬಾರದು, ಕೆಲಸ ಮುಗಿದೊಡನೆ ವಿದ್ಯುತ್ ತಪ್ಪಿಸಿ.

ಕಂದು ಹಾಕಿದ ಆಕಳ ಮಾಸು, ಸತ್ತ ಕರುವನ್ನು ಮಕ್ಕಳು, ಬಸುರಿಯರು ಮುಟ್ಟಕೂಡದು. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ. ನಿಮ್ಮ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಇದರ ಲಸಿಕೆ ಹಾಕಿಸಿ. ಕರುವಿನ ಲಸಿಕೆ ನೆನಪಾದಾಗ ಕೂಸಿನ ತಾಯಿ ಕಾರ್ಡನ್ನೂ ತೆಗೆದು ನೋಡಿ. ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು, 9 ತಿಂಗಳು, ಒಂದೂವರೆ ವರ್ಷದ ಲಸಿಕೆಗಳಲ್ಲಿ ಯಾವುದೂ ತಪ್ಪಬಾರದು. ಕರುವಿಗೆ ಜಂತುಹುಳದ ಔಷಧಿ ಹಾಕಿಸುವಂತೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

ಕೂಸಿನ ಪಾಲಿನ ಲೋಟ

ನಮ್ಮ ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಯಿತು. ಸಂಘಗಳಿಗೆ ಬಂದ ಹಾಲು ಪುಡಿಯಾಗಿ ಶಾಲೆ, ಅಂಗನವಾಡಿ ಸೇರಿ, ಮಕ್ಕಳಿಗೆ 150 ಮಿಲಿ ಹಾಲಾಗಿ ಮರಳುತ್ತದೆ. ನೀವು ಹಾಕಿದ ಹಾಲು ನಿಮ್ಮ ಮಗಳ ಲೋಟಕ್ಕೇ ಬರುವ ದಾರಿ ಇದು. ಆದರೆ ರಜೆಯ ದಿನ? ಇನ್ನೂ ಅಂಗನವಾಡಿಗೆ ಹೋಗದ ಕೂಸು? ಅವರ ಪಾಲು ಮನೆಯಲ್ಲೇ ಇದೆ.

ಕ್ಯಾನಿಗೆ ಸುರಿಯುವ ಮೊದಲು ಮಕ್ಕಳ ಪಾಲು ತೆಗೆದಿಡಿ, ಉಳಿದರೆ ಕೊಟ್ಟರಾಯಿತು ಎನ್ನಬೇಡಿ. ಕೂಸಿಗೆ ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಮೆತ್ತಗಿನ ಊಟದ ಜೊತೆ ಎರಡು ವರ್ಷದವರೆಗಾದರೂ ಎದೆಹಾಲು ಮುಂದುವರಿಯಲಿ. ವರ್ಷ ತುಂಬಿದ ಮಗುವಿಗೆ ದಿನಕ್ಕೆ ಎರಡು ಲೋಟ ಹಾಲು ಸಾಕು. ಬರೀ ಹಾಲಿನಲ್ಲೇ ಹೊಟ್ಟೆ ತುಂಬಿಸಿದರೆ ಊಟ ಬಿಟ್ಟು ರಕ್ತಹೀನತೆ ಬರುತ್ತದೆ. ರೊಟ್ಟಿ, ಬೇಳೆ, ಸೊಪ್ಪು, ಮೊಟ್ಟೆಯೂ ಬೇಕು.

ನೊರೆಹಾಲು ಕುಡಿದರೆ ಮಕ್ಕಳು ಗಟ್ಟಿಯಾಗುತ್ತಾರೆ ಎಂಬ ಮಾತು ಬಿಡಿ. ಹಸಿ ಹಾಲಿನಿಂದ ಬ್ರುಸೆಲ್ಲಾ, ಕ್ಷಯ ಬರಬಹುದು. ಚೆನ್ನಾಗಿ ಉಕ್ಕಿಸಿಯೇ ಕೊಡಿ.

ಇನ್ನೊಂದು ಮುಖ್ಯ ಮಾತು. ಆಕಳಿಗೆ ಆ್ಯಂಟಿಬಯೋಟಿಕ್ ಸೂಜಿ ಮಾಡಿಸಿದಾಗ ಕೆಲವು ದಿನ ಹಾಲು ಸಂಘಕ್ಕೆ ಹಾಕಬೇಡಿ ಎನ್ನುತ್ತೇವೆ. "ಹೆಂಗೂ ಡೇರಿಗೆ ನಡೆಯಂಗಿಲ್ಲ, ಹುಡುಗರು ಕುಡೀಲಿ" ಎಂದು ಅದನ್ನು ಮಕ್ಕಳಿಗೆ ಕೊಡುವ ಮನೆಗಳಿವೆ. ಕಾಯಿಸಿದರೂ ಆ ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ. ಸಂಘಕ್ಕೆ ಬೇಡವಾದ ಹಾಲು ಮನೆಯ ಮಗುವಿಗಂತೂ ಬೇಡವೇ ಬೇಡ. ಎಷ್ಟು ದಿನ ಬಿಡಬೇಕು ಎಂದು ಸೂಜಿ ಮಾಡಿದ ದಿನವೇ ವೈದ್ಯರನ್ನು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಈ ಲೇಖನವನ್ನು ನೀವೊಬ್ಬರೇ ಓದಿ ಮಡಿಚಿಡಬೇಡಿ. ಸಂಜೆ ಮನೆಯವರೆಲ್ಲ ಇರುವಾಗ ಗಟ್ಟಿಯಾಗಿ ಓದಿಸಿ, ನಾಳೆ ನಸುಕಿನಲ್ಲಿ ಕೂಸು ಯಾರ ಕೈಯಲ್ಲಿ ಎಂದು ಅಲ್ಲೇ ತೀರ್ಮಾನಿಸಿ. ನಿಮ್ಮ ಮಹಿಳಾ ಸಂಘದ ಮುಂದಿನ ಸಭೆಯಲ್ಲೂ ಈ ಮಾತು ಬರಲಿ. ಮೇವು, ಹಿಂಡಿ, ದರದ ಚರ್ಚೆಯ ಜೊತೆ ಮಕ್ಕಳನ್ನು ನೋಡಿಕೊಳ್ಳುವ ಚರ್ಚೆಗೂ ಅಲ್ಲಿ ಜಾಗವಿದೆ.