ಟೋಟೋ ಜನರ ನುಡಿ

ಒಂದು ಭಾಷೆಯು ಹೇಗೆ ಕ್ಷೀಣಿಸುತ್ತದೆಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಇಚ್ಛಿಸುತ್ತೇವೆ. ಉದಾಹರಣೆಯು ದೂರದೇಶದ್ದು, ಅದರ ಪಾಠವಾದರೋ ನಮಗೆ ಹತ್ತಿರದ್ದು.

ಪಶ್ಚಿಮ ಬಂಗಾಳದ ಅಲಿಪುರ್‌ದುವಾರ್ ಜಿಲ್ಲೆಯಲ್ಲಿ, ಭೂತಾನದ ಗಡಿಯ ಬಳಿ, ಬೆಟ್ಟಗಳ ಬುಡದಲ್ಲಿ ಟೋಟೋಪಾಡಾ ಎಂಬ ಗ್ರಾಮವುಂಟು. ಟೋಟೋ ಎಂಬ ಬುಡಕಟ್ಟಿನವರು ಬಹುಮಟ್ಟಿಗೆ ಈ ಒಂದೇ ಗ್ರಾಮದವರು. ಅವರ ನುಡಿಯು ಟಿಬೆಟೋ-ಬರ್ಮನ್ ವರ್ಗಕ್ಕೆ ಸೇರಿದ್ದು. ಬಂಗಾಳಿಯೂ ನೇಪಾಳಿಯೂ ಅದಕ್ಕೆ ನೆರೆಯ ಭಾಷೆಗಳೇ ಹೊರತು ಒಡಹುಟ್ಟಿದವುಗಳಲ್ಲ.

1951ರ ಜನಗಣತಿಯಲ್ಲಿ ಟೋಟೋ ಜನರು 321 ಮಂದಿ, 2001ರಲ್ಲಿ 1,184, ಈಗ ಸುಮಾರು 1,600. ಜನರು ಹೆಚ್ಚಿದಂತೆ ನುಡಿಯೂ ಬಲಗೊಳ್ಳಬೇಕಲ್ಲವೇ ಎಂದು ವಾಚಕರು ಕೇಳಬಹುದು. ಹಾಗಾಗಲಿಲ್ಲ. ಯುನೆಸ್ಕೋ ಸಂಸ್ಥೆಯು ಇದನ್ನು ತೀವ್ರ ಅಪಾಯದಲ್ಲಿರುವ ಭಾಷೆಗಳಲ್ಲಿ ಎಣಿಸಿರುತ್ತದೆ. ಹೊರಗಿನಿಂದ ಬಂದು ನೆಲಸಿದವರು ಹೆಚ್ಚಲಾಗಿ ಟೋಟೋ ಜನರು ಸ್ವಗ್ರಾಮದಲ್ಲಿಯೇ ಅಲ್ಪಸಂಖ್ಯಾತರಾದರು. ಬೀದಿಯಲ್ಲಿ ನೇಪಾಳಿ, ಶಾಲೆಯಲ್ಲಿ ಬಂಗಾಳಿ. ಮನೆಯ ನುಡಿಗೆ ಮನೆಯೊಂದೇ ಉಳಿಯಿತು. ಅಲ್ಲಿಯೂ ಹಿರಿಯರು ಮಕ್ಕಳೊಡನೆ ಅದನ್ನಾಡುವುದನ್ನು ಬಿಟ್ಟರೆ, ಜನರಿದ್ದೂ ನುಡಿಯು ಅಳಿಯುವುದು.

ಈ ನುಡಿಗೆ ಸ್ವಂತ ಲಿಪಿಯಿರಲಿಲ್ಲ. ಆ ಗ್ರಾಮದವರೇ ಆದ ಶ್ರೀ ಧನಿರಾಮ ಟೋಟೋ ಅವರು ಅಕ್ಷರಗಳನ್ನು ರೂಪಿಸಿದರು. 2015ರಲ್ಲಿ ಅವು ಪ್ರಕಟವಾದುವು. 2021ರಲ್ಲಿ ಗಣಕಯಂತ್ರಗಳ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಆ ಲಿಪಿಗೆ ಸ್ಥಾನ ದೊರೆಯಿತು. 2023ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಅದೇ ವರ್ಷ ಟೋಟೋ ಶಬ್ದಸಂಗ್ರಹವೊಂದೂ ಹೊರಬಂದಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಲಿಪಿಯು ನುಡಿಯನ್ನು ಬರೆದಿಡಬಲ್ಲುದು. ಅದನ್ನು ಬದುಕಿಸುವುದು ಮಕ್ಕಳ ನಾಲಗೆಯೇ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿದ ಹುಡುಗಿಯರನ್ನು ನಾವು ಹಿಂದೆ ಗದರಿಸಿದುದುಂಟು. ಅದನ್ನು ಶಿಸ್ತೆಂದೇ ತಿಳಿದಿದ್ದೆವು. ಲಕ್ಷಗಟ್ಟಲೆ ಜನರಾಡುವ ಆ ನುಡಿಗಳಿಗೆ ಟೋಟೋ ನುಡಿಯ ಸ್ಥಿತಿ ಬಂದಿಲ್ಲ, ನಿಜ. ಆದರೂ ಮನೆಮಾತು ನಾಚಿಕೆಯ ವಸ್ತುವೆಂದು ಮಗುವಿಗೆ ಮೊದಲು ಕಲಿಸುವ ಸ್ಥಳವು ಶಾಲೆಯಾಗಬಾರದು. ಈಗ ಹಾಗೆ ಗದರಿಸುವುದಿಲ್ಲ. ಆಗ ಗದರಿಕೆಯನ್ನುಂಡ ಹಳೆಯ ವಿದ್ಯಾರ್ಥಿನಿಯರು ನಮ್ಮನ್ನು ಕ್ಷಮಿಸಬೇಕು.

ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಕನ್ನಡವನ್ನೂ ಇಂಗ್ಲಿಷನ್ನೂ ಕಲಿಸುವ ಭಾರವು ನಮ್ಮದಾಗಿರಲಿ. ನಿಮ್ಮ ತಾಯಿ ನಿಮ್ಮೊಡನೆ ಆಡಿದ ಮಾತನ್ನು ನೀವು ನಿಮ್ಮ ಮಕ್ಕಳೊಡನೆ ಆಡಿರಿ.