ಬೆಕ್ಕಿನ ಮಧುಮೇಹ: ಇನ್ಸುಲಿನ್ ಮತ್ತು ಆಹಾರ

ಮಧುಮೇಹವು ಮನುಷ್ಯರಿಗೆ ಮಾತ್ರ ಬರುವ ವ್ಯಾಧಿಯೆಂದು ಅನೇಕರು ಭಾವಿಸಿರುವರು. ಆದರೆ ಮನೆಯಲ್ಲಿ ಸಾಕಿದ ಬೆಕ್ಕುಗಳನ್ನೂ ಅದು ಬಿಟ್ಟಿಲ್ಲ. ಮಹಾನಗರದ ಫ್ಲ್ಯಾಟುಗಳಲ್ಲಿ ಬೇಟೆಯಿಲ್ಲದೆ, ಓಡಾಟವಿಲ್ಲದೆ, ತಿಂದು ಮಲಗುವ ಬೆಕ್ಕು ಸುಲಭವಾಗಿ ಬೊಜ್ಜು ಬೆಳೆಸುತ್ತದೆ. ನಡುವಯಸ್ಸು ದಾಟಿದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಸ್ಥೂಲಕಾಯದ ಗಂಡು ಬೆಕ್ಕುಗಳಲ್ಲಿ ಈ ರೋಗ ಹೆಚ್ಚು. ಪದೇ ಪದೇ ನೀರು ಕುಡಿಯುವುದು, ಅತಿಮೂತ್ರ, ಚೆನ್ನಾಗಿ ತಿನ್ನುತ್ತಿದ್ದರೂ ಮೈ ಇಳಿಯುವುದು ಇದರ ಮುಖ್ಯ ಲಕ್ಷಣಗಳು. ಕೆಲವು ಬೆಕ್ಕುಗಳು ನರದೌರ್ಬಲ್ಯದಿಂದ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯತೊಡಗುತ್ತವೆ.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ಸುಲಿನ್ ಲೋಕಕ್ಕೆ ದೊರೆಯಿತು. ಪ್ರಾಣಿಗಳಿಂದ ಮನುಷ್ಯನಿಗೆ ಬಂದ ಆ ವರ ಇಂದು ಪ್ರಾಣಿಗಳಿಗೂ ಸಲ್ಲುತ್ತಿದೆ. ಬೆಕ್ಕಿಗೆ ಇದನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ, ದಿನಕ್ಕೆರಡು ಬಾರಿ, ಚರ್ಮದ ಕೆಳಗೆ ಚುಚ್ಚುವರು. ನಾಲ್ಕೈದು ಕಿಲೋ ತೂಕದ ಬೆಕ್ಕಿಗೆ ಪಶುವೈದ್ಯರು ಬಹುಮಟ್ಟಿಗೆ ಪ್ರತಿ ಸಲಕ್ಕೆ 1 ಯೂನಿಟ್ಟಿನಿಂದ ಆರಂಭಿಸಿ, ಕೆಲವು ದಿನಗಳ ಪರಿಣಾಮವನ್ನು ಕಂಡ ಮೇಲೆಯೇ ಪ್ರಮಾಣವನ್ನು ಬದಲಿಸುತ್ತಾರೆ.

ಇಷ್ಟು ಅಲ್ಪ ಪ್ರಮಾಣದಲ್ಲಿ ಚಿಕ್ಕ ತಪ್ಪೂ ದೊಡ್ಡದೇ. ಭಾರತದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಮತ್ತು 100 ಯೂನಿಟ್ಟಿನ ಎರಡು ಬಗೆಯ ಇನ್ಸುಲಿನ್ ದೊರೆಯುತ್ತದೆ; ಸಿರಿಂಜುಗಳೂ ಅದಕ್ಕೆ ತಕ್ಕಂತೆ ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 1ರ ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಸೇರುವುದು 1 ಯೂನಿಟ್ಟಲ್ಲ, ಎರಡೂವರೆ ಯೂನಿಟ್ಟು. ಆದುದರಿಂದ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ತಾಳೆ ನೋಡದೆ ಸೂಜಿ ಹಿಡಿಯಕೂಡದು.

ಇನ್ನು ಆಹಾರ. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ದೇಹವು ಸಕ್ಕರೆ, ಪಿಷ್ಟಗಳಿಗೆ ಹೊಂದಿದುದಲ್ಲ. ನಮ್ಮ ಮನೆಗಳಲ್ಲಿ ಅಕ್ಕರೆಯಿಂದ ಬಡಿಸುವ ಹಾಲನ್ನ, ಮೊಸರನ್ನ, ಬಿಸ್ಕತ್ತುಗಳು ರೋಗಿಷ್ಠ ಬೆಕ್ಕಿಗೆ ಹಿತವಲ್ಲ. ಪ್ರೋಟೀನು ಹೆಚ್ಚಿದ್ದು ಪಿಷ್ಟ ತೀರ ಕಡಿಮೆಯಿರುವ ಆಹಾರವೇ ಅದಕ್ಕೆ ಪಥ್ಯ. ಮಾಂಸ ಬೇಯಿಸಲೊಪ್ಪದ ಮನೆಯವರು ಬೆಕ್ಕಿಗೆಂದೇ ತಯಾರಾದ ಡಬ್ಬಿಯ ತೇವದ ಆಹಾರವನ್ನು ವೈದ್ಯರ ಸಲಹೆಯಂತೆ ತರಬಹುದು. ಅದರಲ್ಲಿ ಟಾರಿನ್ ಎಂಬ ಪೋಷಕಾಂಶವೂ ಇರುತ್ತದೆ. ಇದರ ಕೊರತೆಯಿಂದ ಬೆಕ್ಕಿನ ಕಣ್ಣು, ಹೃದಯಗಳು ಕೆಡುತ್ತವೆ. ತೂಕ ಇಳಿಸಲೆಂದು ಉಪವಾಸ ಕೆಡವುವುದು ಮಾತ್ರ ಅಪಾಯಕರ. ಸ್ಥೂಲ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಸಂಚಕಾರ ಬರಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡತಕ್ಕದ್ದೆಂದರೆ, ಸೂಜಿ ಮತ್ತು ತಟ್ಟೆ ಒಂದೇ ಲೆಕ್ಕದ ಎರಡು ಬದಿಗಳು. ಅನ್ನ ನಿಲ್ಲಿಸಿ ಪಥ್ಯ ಆರಂಭಿಸಿದೊಡನೆ ಇನ್ಸುಲಿನ್ನಿನ ಅಗತ್ಯ ತಗ್ಗಬಹುದು. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ರಕ್ತದ ಸಕ್ಕರೆ ವಿಪರೀತ ಕುಸಿದೀತು. ಆದ್ದರಿಂದ ಆಹಾರದ ಬದಲಾವಣೆಯನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಬೆಕ್ಕು ತಿನ್ನದ ದಿನ ಎಂದಿನ ಪೂರ್ಣ ಪ್ರಮಾಣವನ್ನು ಚುಚ್ಚದೆ ಅವರನ್ನು ವಿಚಾರಿಸಬೇಕು. ಅಧಿಕ ಸಕ್ಕರೆ ನಿಧಾನವಾಗಿ ಕೆಡಿಸುತ್ತದೆ. ಕುಸಿದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ನಿತ್ರಾಣ, ತೂರಾಟ, ನಡುಕ, ಸೆಳವು ಕಂಡರೆ ಕೂಡಲೇ ಸಕ್ಕರೆ ಪಾಕವನ್ನೋ ಜೇನುತುಪ್ಪವನ್ನೋ ಒಸಡಿಗೆ ಸವರಿ, ತಡಮಾಡದೆ ಚಿಕಿತ್ಸಾಲಯಕ್ಕೆ ಒಯ್ಯಬೇಕು.

ಬೆಕ್ಕು ಅಂಜುಬುರುಕ ಪ್ರಾಣಿ. ಚಿಕಿತ್ಸಾಲಯದ ಗಾಬರಿಯಿಂದಲೇ ಅದರ ರಕ್ತದ ಸಕ್ಕರೆ ಏರುವುದುಂಟು. ಆ ಒಂದು ಅಂಕಿಯನ್ನು ನಂಬಿ ಪ್ರಮಾಣ ಏರಿಸುವುದು ತರವಲ್ಲ. ಮನೆಯಲ್ಲೇ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುವ ಕ್ರಮವನ್ನು ವೈದ್ಯರಿಂದ ಕಲಿಯಬಹುದು. ಮನುಷ್ಯರ ಗ್ಲೂಕೋಮೀಟರು ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆಂಬುದು ನೆನಪಿನಲ್ಲಿರಲಿ. ಹಿಂದಿನ ಕೆಲವು ವಾರಗಳ ಸ್ಥಿತಿಯನ್ನು ಅರಿಯಲು ಫ್ರಕ್ಟೋಸಮೈನ್ ಎಂಬ ರಕ್ತಪರೀಕ್ಷೆಯೂ ಇದೆ.

ದಿನಾಂಕ, ವೇಳೆ, ತಿಂದ ಆಹಾರ, ಕೊಟ್ಟ ಯೂನಿಟ್ಟು, ಸಕ್ಕರೆಯ ಅಂಕಿ, ವಾರದ ತೂಕ ಇವಿಷ್ಟನ್ನು ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಟ್ಟರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. ರೋಗವನ್ನು ಬೇಗನೆ ಗುರುತಿಸಿ ಈ ಕ್ರಮವನ್ನು ಪಾಲಿಸಿದಲ್ಲಿ ಕೆಲವು ಬೆಕ್ಕುಗಳು ಮುಂದೆ ಇನ್ಸುಲಿನ್ನೇ ಇಲ್ಲದೆ ಪಥ್ಯದ ಬಲದಿಂದ ಬಾಳುತ್ತವೆ. ಬಾಯಿಲ್ಲದ ಜೀವಕ್ಕೆ ಬೇಕಾದುದು ಅಕ್ಕರೆ. ಆ ಅಕ್ಕರೆಗೆ ಅಳತೆಯೂ ಹೊತ್ತಿನ ನೇಮವೂ ಜೊತೆಗೂಡಬೇಕು.